ಮಡಕೆಯ ಬೆನ್ನಿನ ಮೇಲೆ ಸಿಹಿ ಗಾಜು

ಮಡಕೆಯೊಳಗೆ ಬೇಯಿಸುವುದು ಎಲ್ಲರಿಗೂ ಗೊತ್ತು. ಆದರೆ ಮಡಕೆಯನ್ನು ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಕಬ್ಬಿನ ಹಾಲನ್ನು ಗಾಜಾಗಿಸುವುದು? ಹೌದು, ಗಾಜು! ಬೆಳಕಿಗೆ ಹಿಡಿದರೆ ಹಿಂದಿರುವ ಬೆರಳಿನ ನೆರಳು ಕಾಣುತ್ತದೆ. ಒತ್ತಿದರೆ ಚಟ್ಟನೆ ಒಡೆಯುತ್ತದೆ. ನಾಲಿಗೆಯ ಮೇಲಿಟ್ಟರೆ ಅಗಿಯುವ ಮೊದಲೇ ಇಲ್ಲ! ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹವ್ಯಕರ ಮನೆಗಳಲ್ಲಿ ಇದಕ್ಕೆ ತೊಡದೇವು ಎನ್ನುತ್ತಾರೆ. ನಮ್ಮ ನಾಡಿನ ಅತ್ಯಂತ ತೆಳ್ಳಗಿನ ಮಿಠಾಯಿ ಇದೇ ಇರಬೇಕು ಎಂದು ನಾನು ಈಗ ನಂಬಿದ್ದೇನೆ.

ಡಬ್ಬದಿಂದ ತೆಗೆದು ತಟ್ಟೆಗೆ ಹಾಕಿದ ತೊಡದೇವನ್ನು ಎಷ್ಟೋ ಮದುವೆಮನೆಗಳಲ್ಲಿ ತಿಂದಿದ್ದೇನೆ. ಅದು ಹುಟ್ಟುವ ಗಳಿಗೆಯನ್ನು ಕಂಡದ್ದು ಮಾತ್ರ ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯಲ್ಲಿ, ಆಲೆಮನೆಯ ಕಾಲದಲ್ಲಿ. ಚಳಿ ಇಳಿಯುತ್ತ ಬಂದು ಬಿಸಿಲು ಇನ್ನೂ ಏರದ ದಿನಗಳವು. ಒಂದು ಕಾಲಕ್ಕೆ ಕೋಣಗಳು ಸುತ್ತಿ ಅರೆಯುತ್ತಿದ್ದ ಗಾಣವನ್ನು ಈಗ ಹೆಚ್ಚಿನ ಕಡೆ ಯಂತ್ರ ತಿರುಗಿಸುತ್ತದೆ. ಕೊಪ್ಪರಿಗೆ, ಹೊಗೆ, ನೊರೆಬೆಲ್ಲ, ಕಬ್ಬಿನ ಹಾಲಿನ ಜೊತೆಗೆ ಖಾರದ ಮಂಡಕ್ಕಿ, ಇವೆಲ್ಲ ಹಾಗೆಯೇ ಇವೆ. ಆಲೆಮನೆಯಿಂದ ಒಂದು ಕೊಡ ಹಾಲು ನೇರವಾಗಿ ಅಡುಗೆಮನೆಗೆ ಹೋಯಿತು. ನಾನೂ ಅದರ ಹಿಂದೆಯೇ ಹೋದೆ.

ಅಲ್ಲಿ ಕಂಡದ್ದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಕಣ್ಣೆದುರು ಅದು ನಿಧಾನವಾಗಿ ನಡೆಯಲಿಲ್ಲ.

ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಕಬ್ಬಿನ ಹಾಲು ಸೇರಿಸಿ ಮಜ್ಜಿಗೆಗಿಂತಲೂ ತೆಳ್ಳಗೆ ಮಾಡಿ ಇಟ್ಟಿದ್ದರು. ಕಬ್ಬು ಇಲ್ಲದ ತಿಂಗಳುಗಳಲ್ಲಾದರೆ ನೀರಿಗೆ ಜೋನಿ ಬೆಲ್ಲ ಕದಡಿಕೊಳ್ಳುತ್ತಾರೆ. ಸೌದೆ ಒಲೆಯ ಮೇಲೆ ಮಡಕೆ ಬೋರಲಾಗಿ ಕೂತಿತ್ತು. ಅದರ ಬಾಯಿ ಬೆಂಕಿಯ ಕಡೆಗೆ, ದುಂಡು ಬೆನ್ನು ನಮ್ಮ ಕಡೆಗೆ. ವರ್ಷಗಟ್ಟಲೆ ಎಣ್ಣೆ ಕುಡಿದು ಆ ಬೆನ್ನು ಕಪ್ಪಾಗಿ, ನುಣುಪಾಗಿ, ಮುಟ್ಟಬೇಕೆನಿಸುವಷ್ಟು ಹೊಳೆಯುತ್ತಿತ್ತು. ಮನೆಯ ಹಿರಿಯಮ್ಮ ಕೋಲಿಗೆ ಸುತ್ತಿದ ಹತ್ತಿಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿದರು. ಒಂದೇ ಬೀಸು! ಎಡದಿಂದ ಬಲಕ್ಕೆ ಬಟ್ಟೆ ಸವರಿಕೊಂಡು ಹೋದ ಜಾಗದಲ್ಲಿ ಬಿಳಿಯ ತೆಳು ಪೊರೆ ನಿಂತಿತು. ಚುಂಯ್ ಎಂದಿತು. ಹಬೆ ಎದ್ದಿತು. ಬಿಳುಪು ಮಾಸಿ ಹೊಂಬಣ್ಣ ತಿರುಗಿತು. ಅಷ್ಟರಲ್ಲಿ ಸದ್ದು ನಿಂತೇ ಹೋಯಿತು. ಅಂಚನ್ನು ಉಗುರಿನಿಂದ ಎಬ್ಬಿಸಿದ್ದೇ ತಡ, ಇಡೀ ಪೊರೆ ಒಂದೇ ತುಂಡಾಗಿ ಎದ್ದು ಬಂತು. ಎಳೆದ ವೇಗದಲ್ಲೇ ಮಡಿಚಿ, ಇನ್ನೊಮ್ಮೆ ಮಡಿಚಿ, ಮೂರು ಮೂಲೆಯ ತೊಡದೇವನ್ನು ಪಕ್ಕಕ್ಕಿಟ್ಟರು. ನಾನು ಉಸಿರು ಬಿಡುವುದಕ್ಕೆ ಮುಂಚೆ ಮುಂದಿನ ಬೀಸು ಮಡಕೆಯ ಮೇಲಿತ್ತು.

ಪಕ್ಕದಲ್ಲಿ ಕಲಿಯುತ್ತಿದ್ದ ಮೊಮ್ಮಗಳಿಗೆ ಅವರು ತಲೆ ಎತ್ತದೆ ಹೇಳಿದ್ದು ಇಷ್ಟು: “ಬೇಗ ಮಡಚವು ಕೂಸೇ, ತಡ ಮಾಡಿರೆ ಪುಡಿ ಆಗ್ತು.”

ಆ ಒಂದು ಮಾತಿನಲ್ಲಿ ಎಷ್ಟು ಭೌತವಿಜ್ಞಾನ ಅಡಗಿದೆ ನೋಡಿ! ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಗಂಟೆಗಟ್ಟಲೆ ಕುದಿಯುತ್ತದೆ. ಅದರಲ್ಲಿ ಬಹುಪಾಲು ನೀರು. ನೀರು ಆರಿದಷ್ಟೂ ಪಾಕದ ಕುದಿಬಿಂದು ಮೇಲೇರುತ್ತದೆ. ಸುಮಾರು 105 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಇಳಿಸಿದರೆ ಜೋನಿ ಬೆಲ್ಲ. 118ರ ಆಸುಪಾಸಿಗೆ ಹೋದರೆ ಅಚ್ಚಿಗೆ ಸುರಿಯುವ ಗಟ್ಟಿ ಬೆಲ್ಲ. ಇನ್ನೂ ಮೇಲೆ, 150 ಡಿಗ್ರಿಯ ಹತ್ತಿರ, ನೀರು ಹೆಚ್ಚುಕಡಿಮೆ ಪೂರ್ತಿ ಹೋಗಿರುತ್ತದೆ. ಆಗ ತಣಿಸಿದ ಸಕ್ಕರೆ ಹರಳುಗಟ್ಟುವುದಿಲ್ಲ. ಅದರ ಅಣುಗಳು ಸಾಲುಗೂಡಲು ಪುರುಸೊತ್ತೇ ಸಿಗದೆ ಇದ್ದಲ್ಲೇ ಬಿಗಿದುಕೊಳ್ಳುತ್ತವೆ. ವಿಜ್ಞಾನಿಗಳು ಇಂಥ ಸ್ಥಿತಿಗೆ ಗಾಜು ಎಂದೇ ಹೆಸರಿಟ್ಟಿದ್ದಾರೆ. ಅಂಗಡಿಯ ಗಟ್ಟಿ ಪೆಪ್ಪರ್‌ಮಿಂಟೂ ಇದೇ. ಮಿಠಾಯಿ ಕಾರ್ಖಾನೆಯಲ್ಲಿ ಈ ಹದಕ್ಕೆ ಥರ್ಮಾಮೀಟರ್ ಹಿಡಿದು ಕಾಯುತ್ತಾರೆ. ಅರಳಸುರಳಿಯ ಅಡುಗೆಮನೆಯಲ್ಲಿ ಆ ಇಡೀ ದಾರಿ, ಹಾಲಿನಿಂದ ಜೋನಿಗೆ, ಜೋನಿಯಿಂದ ಬೆಲ್ಲಕ್ಕೆ, ಬೆಲ್ಲದಿಂದ ಗಾಜಿಗೆ, ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ಪೊರೆ ಅಷ್ಟು ತೆಳು, ನೀರು ಓಡಿಹೋಗಲು ಅಷ್ಟು ಸಲೀಸು. ಥರ್ಮಾಮೀಟರಿನ ಕೆಲಸವನ್ನು ಕಿವಿಯೇ ಮಾಡುತ್ತದೆ. ಚುಂಯ್ ನಿಂತಿತೆಂದರೆ ನೀರು ಮುಗಿಯಿತು, ಕೈ ಹಾಕು!

ಇನ್ನು ಮಡಚುವ ಆತುರ. ಒಣಗಿದ ಸಕ್ಕರೆಯ ಗಾಜು 60–70 ಡಿಗ್ರಿಯ ಮೇಲೆ ಮೆದು, ಬಾಗುತ್ತದೆ. ಅದಕ್ಕಿಂತ ಕೆಳಗೆ ಬಿರುಸು, ಮುರಿಯುತ್ತದೆ. ಗಾಳಿಗೆ ಬಂದ ತೆಳು ಪೊರೆ ಆ ಗೆರೆಯನ್ನು ದಾಟಲು ಎಷ್ಟು ಹೊತ್ತು ಬೇಕು? ಎರಡು ಮಡಿಕೆಯಷ್ಟು. ಅಷ್ಟೇ.

ಹಾಗಾದರೆ ಕಾವಲಿಯ ಮೇಲೆ ಏಕೆ ಮಾಡಬಾರದು? ನನಗೆ ಅತ್ಯಂತ ಖುಷಿ ಕೊಟ್ಟದ್ದು ಈ ಪ್ರಶ್ನೆಯ ಉತ್ತರ. ಕಬ್ಬಿಣ ಮಣ್ಣಿಗಿಂತ ಹತ್ತಾರು ಪಟ್ಟು ಚುರುಕಾಗಿ ಶಾಖ ಸಾಗಿಸುತ್ತದೆ. ಉರಿ ತುಸು ಹೆಚ್ಚಾದರೂ ಅದು ಕೂಡಲೇ ಮೇಲೆ ತಲುಪುತ್ತದೆ. ಕಬ್ಬಿನ ಹಾಲಿನಲ್ಲಿ ಸುಕ್ರೋಸಿನ ಜೊತೆ ಒಂದಿಷ್ಟು ಫ್ರಕ್ಟೋಸೂ ಇರುತ್ತದೆ. ಅದು 110 ಡಿಗ್ರಿಯ ಸುಮಾರಿಗೇ ಕಂದಲು ಶುರು. ಕಾವಲಿಯಲ್ಲಿ ಹೊಂಬಣ್ಣಕ್ಕೂ ಕರಿಗೂ ನಡುವೆ ಜಾಗವೇ ಇಲ್ಲ. ಮಡಕೆ ಹಾಗಲ್ಲ. ಒಳಗೆ ಜ್ವಾಲೆ ಎಷ್ಟೇ ಹಾರಾಡಲಿ, ದಪ್ಪ ಮಣ್ಣು ಅದನ್ನೆಲ್ಲ ನುಂಗಿ, ಹೊರಗಿನ ಬೆನ್ನಿಗೆ ಒಂದೇ ಸಮನಾದ ಬಿಸಿಯನ್ನು ಬಿಟ್ಟುಕೊಡುತ್ತದೆ. ಅದರ ದುಂಡು ಆಕಾರವೂ ದಂಡವಲ್ಲ. ಒದ್ದೆಬಟ್ಟೆ ಎಲ್ಲ ಕಡೆ ಸಮನಾಗಿ ತಾಗುತ್ತದೆ, ಹೆಚ್ಚಾದ ಹಿಟ್ಟು ಅಂಚಿಗೆ ಜಾರಿಹೋಗುತ್ತದೆ.

ಮಣ್ಣೆಂದರೆ ಎಲ್ಲ ಮಣ್ಣೂ ಸರಿಯೇ? ಅಲ್ಲ! ಅದೇ ಅಡುಗೆಮನೆಯ ಅಟ್ಟದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಗಳು ಸಾಲಾಗಿ ಕೂತಿದ್ದವು. ಮೇಲೆ ಕಂದು, ಕೆಳಗೆ ಬಿಳಿ, ಮೈಯೆಲ್ಲ ಹೊಳಪು. ಅವೂ ಮಣ್ಣಿನವೇ. ಆದರೆ ಭರಣಿಯನ್ನು ಸುಡುವುದು 1200 ಡಿಗ್ರಿಯ ಸುಮಾರಿನಲ್ಲಿ. ಅಷ್ಟು ಬಿಸಿಗೆ ಮಣ್ಣಿನ ಕಣಗಳು ಕರಗಿ ಒಂದಕ್ಕೊಂದು ಬೆಸೆದು ರಂಧ್ರಗಳೇ ಮುಚ್ಚಿಹೋಗುತ್ತವೆ. ಆದ್ದರಿಂದಲೇ ಉಪ್ಪು, ಹುಳಿ, ಎಣ್ಣೆ ಯಾವುದೂ ಅದರೊಳಗೆ ಇಳಿಯದು. ಆದರೆ ಅದನ್ನು ಉರಿಯ ಮೇಲಿಟ್ಟು ನೋಡಿ, ಸೀಳುತ್ತದೆ. ಕುಂಬಾರನ ಮಡಕೆ ಇದಕ್ಕಿಂತ ಎಷ್ಟೋ ಕಡಿಮೆ ಶಾಖದಲ್ಲಿ ಬೆಂದದ್ದು, ಅದರ ತುಂಬ ಸಣ್ಣ ರಂಧ್ರಗಳು. ಬಿರುಕೊಂದು ಹೊರಟರೂ ಮುಂದಿನ ರಂಧ್ರಕ್ಕೆ ಬಂದು ಅಲ್ಲೇ ನಿಂತುಬಿಡುತ್ತದೆ! ದಿನವಿಡೀ ಜ್ವಾಲೆಯ ಮೇಲೆ ಕೂತು, ಗಳಿಗೆಗೊಮ್ಮೆ ತಣ್ಣನೆಯ ಹಿಟ್ಟು ಸವರಿಸಿಕೊಂಡೂ ಮಡಕೆ ಬದುಕುವುದು ಹೀಗೆ. ಅದೇ ರಂಧ್ರಗಳೇ ಎಣ್ಣೆ ಹೀರಿ ಅಂಟದ ಮೈ ಕಟ್ಟಿಕೊಳ್ಳುತ್ತವೆ. ಹೊಸ ಮಡಕೆಯಲ್ಲಿ ಮೊದಲ ಪೊರೆಗಳು ಹರಿಯುತ್ತವೆ, ಅಂಟುತ್ತವೆ. ಹಳೆಯ ತೊಡದೇವು ಮಡಕೆಯನ್ನು ಮನೆಯವರು ಚಿನ್ನದ ಹಾಗೆ ಎತ್ತಿಡುವುದಕ್ಕೆ ಬೇರೆ ಕಾರಣ ಬೇಕೇ?

ಬೋರಲು ಮಡಕೆಯ ಈ ಜಾಣ್ಮೆ ನಮ್ಮೊಬ್ಬರದಲ್ಲ ಎಂಬುದೂ ನನಗೆ ಸಂತೋಷದ ವಿಷಯವೇ. ಆಂಧ್ರದ ಗೋದಾವರಿ ಸೀಮೆಯ ಆತ್ರೇಯಪುರದ ಪೂತರೇಕುಲು 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆಯಿತು. ಅಲ್ಲಿಯೂ ಅದೇ ಮಡಕೆ, ಅದೇ ಒದ್ದೆಬಟ್ಟೆಯ ಬೀಸು. ಆದರೆ ಅಲ್ಲಿ ಪೊರೆ ಬರಿಯ ಅಕ್ಕಿಯದು, ಸಕ್ಕರೆ ಅಥವಾ ಬೆಲ್ಲ, ತುಪ್ಪ ಎಲ್ಲ ಆಮೇಲೆ ಒಳಗೆ ಹಾಕಿ ಸುತ್ತುವಂಥವು. ಮಲೆನಾಡಿನವರು ಸಿಹಿಯನ್ನು ಪೊರೆಯೊಳಗೇ ಇಟ್ಟು ಸುಟ್ಟರು. ಅಕ್ಕಿಯ ಪಿಷ್ಟ ಎಲುಬಾಯಿತು, ಕಬ್ಬು ಗಾಜಾಯಿತು. ಎರಡೂ ಕುಶಲವೇ, ಆದರೆ ಅಂಟುವ, ಕಂದುವ ಸಕ್ಕರೆಯನ್ನು ನೇರ ಮಡಕೆಗೆ ಸವರುವುದಕ್ಕೆ ಎದೆಗಾರಿಕೆ ಹೆಚ್ಚು ಬೇಕು ಎಂದು ನನ್ನ ಅಭಿಪ್ರಾಯ.

ಅದೂ ಎಂಥ ಊರಿನಲ್ಲಿ! ಆಗುಂಬೆ ಇದೇ ತಾಲ್ಲೂಕಿನದು, ಶರಾವತಿ ಹುಟ್ಟುವ ಅಂಬುತೀರ್ಥವೂ ಇದೇ ತಾಲ್ಲೂಕಿನದು. ಮಳೆಗಾಲದಲ್ಲಿ ಇಲ್ಲಿ ಬೆಂಕಿಪೊಟ್ಟಣವೂ ಒದ್ದೆ. ಸಕ್ಕರೆಯ ಗಾಜಿಗೆ ನೀರು ಕಂಡರೆ ಆಗದು. ಗಾಳಿಯ ತೇವ ನೂರಕ್ಕೆ ನಾಲ್ಕೈದು ಪಾಲು ಒಳಗಿಳಿದರೂ ಸಾಕು, ಬಾಗುವ ಗೆರೆ ಕೋಣೆಯ ಬಿಸಿಗೇ ಇಳಿದುಬರುತ್ತದೆ, ಗರಿಗರಿ ತೊಡದೇವು ಚರ್ಮದಂತಾಗುತ್ತದೆ. ಅದಕ್ಕೇ ಬಿಗಿ ಮುಚ್ಚಳದ ಡಬ್ಬ, ತೆಗೆದ ಕೂಡಲೇ ಮುಚ್ಚುವ ಶಿಸ್ತು. ಹಾಗೆ ಕಾಪಾಡಿದ ತೊಡದೇವು ತಿಂಗಳುಗಟ್ಟಲೆ ಗರಿಗರಿಯಾಗಿಯೇ ಉಳಿಯುತ್ತದೆ.

ಸಾಗರ, ಶಿರಸಿಯ ಅಂಗಡಿಗಳಲ್ಲಿ ಪೊಟ್ಟಣದಲ್ಲೂ ಸಿಗುತ್ತದೆ, ಕೊಂಡು ತಿನ್ನಿ. ಆದರೆ ಆಲೆಮನೆಯ ದಿನಗಳಲ್ಲಿ ಈ ಕಡೆ ಯಾರಾದರೂ ನೆಂಟರಿದ್ದರೆ ಬಿಡಬೇಡಿ. ಒಲೆಯ ಪಕ್ಕವೇ ಕೂತು, ಮಡಕೆಯಿಂದ ಎದ್ದುಬಂದದ್ದರ ಮೇಲೆ ತುಪ್ಪ ಸುರಿಸಿಕೊಂಡು ತಿನ್ನಿ. ಇನ್ನೊಂದನ್ನು ಬಟ್ಟಲಿನಲ್ಲಿ ಮುರಿದು ಬಿಸಿ ಹಾಲು ಹಾಕಿಸಿಕೊಳ್ಳಿ. ಆಮೇಲೆ ಸಂಕೋಚ ಬಿಟ್ಟು ಆ ಕೋಲನ್ನು ಒಮ್ಮೆ ಕೇಳಿ ಪಡೆದು, ಅದ್ದಿ, ಬೀಸಿ ನೋಡಿ. ಮೊದಲ ಬೀಸು ದಪ್ಪವಾಗುತ್ತದೆ, ಅಂಚು ಕರಕಲಾಗುತ್ತದೆ, ಮಧ್ಯದಲ್ಲಿ ಹರಿಯುತ್ತದೆ. ಮಕ್ಕಳು ಅದಕ್ಕಾಗಿಯೇ ಕಾದು ಕೂತಿರುತ್ತಾರೆ.