ಎರಡು ಆಕಳಿನಿಂದ ಹಿಂಡು: ಕಡಿಮೆ ರೊಕ್ಕದಲ್ಲಿ ತಳಿ ಕಟ್ಟೋದು ಹೇಗೆ?

ಮೊದಲ ಕಿಲಾರಿ ಆಕಳು ಕೊಂಡಾಗಲೇ ನಾನು ಮೋಸ ಹೋದೆ. "ಐದು ತಿಂಗಳ ಗಬ್ಬ ಐತಿ ತಮ್ಮಾ, ಕಣ್ಣು ಮುಚ್ಚಿ ಹೊಡ್ಕೊಂಡ್ ಹೋಗು" ಅಂದರು ಸಂತೆಯಲ್ಲಿ. ರಬಕವಿಗೆ ತಂದು ಪಶುವೈದ್ಯರಿಗೆ ತೋರಿಸಿದರೆ ಖಾಲಿ! ತೋಟಗಾರಿಕೆ ಓದಿದವನಿಗೆ ಕಸಿ ಕಟ್ಟೋದು ಗೊತ್ತಿತ್ತು, ದನ ಗೊತ್ತಿರಲಿಲ್ಲ.

ಆ ಪೆಟ್ಟಿನಿಂದ ಕಲಿತದ್ದು ಇಷ್ಟು: ಹಿಂಡನ್ನು ಸಂತೆಯಲ್ಲಿ ಕೊಳ್ಳೋದಲ್ಲ, ಕೊಟ್ಟಿಗೆಯಲ್ಲಿ ಬೆಳೆಸೋದು.

ಲೆಕ್ಕ ನೋಡ್ರಿ

ಎರಡು ಆಕಳು 15 ತಿಂಗಳಿಗೊಮ್ಮೆ ಈದರೆ ಐದು ವರ್ಷಕ್ಕೆ ಎಂಟು ಕರು. ಅರ್ಧ ಹೆಣ್ಣು ಅಂದರೂ ನಾಲ್ಕು ಕಡಸು. ಅದೇ ಅಂತರ 20 ತಿಂಗಳಾದರೆ ಒಟ್ಟು ಆರೇ ಕರು. ಅಂದರೆ ನಷ್ಟ ಆಗೋದು ಬೆದೆ ತಪ್ಪಿದಾಗ. ಒಂದು ಬೆದೆ ತಪ್ಪಿದರೆ 21 ದಿನದ ಮೇವು ದಂಡ.

ಕೊಳ್ಳುವಾಗ

ಐದು ಸಾಧಾರಣ ದನದ ಬದಲು ಎರಡು ಒಳ್ಳೆಯವು ಸಾಕು. ಗಬ್ಬ ಅಂದರೆ ವೈದ್ಯರಿಂದ ಪರೀಕ್ಷೆ ಮಾಡಿಸಿಯೇ ರೊಕ್ಕ ಎಣಿಸಿ. ಮೂರು ತಿಂಗಳಾಗಿದ್ದರೆ ಅವರು ಕೈ ಹಾಕಿ ನೋಡಿ ಹೇಳುತ್ತಾರೆ. ಆಗುವುದಾದರೆ ಸಂತೆಗಿಂತ ಪರಿಚಯದ ರೈತರ ಮನೆಯಲ್ಲೇ ಕೊಳ್ಳಿ. ತಾಯಿಯನ್ನೂ ನೋಡಬಹುದು.

ಮೊಬೈಲ್ ಇದಕ್ಕೂ ಬಳಸ್ರಿ

ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ವೀರ್ಯದ ಕಡ್ಡಿಯ ಮೇಲೆ ಹೋರಿಯ ನಂಬರ್ ಇರುತ್ತದೆ, ಅದರ ಫೋಟೋ ತೆಗೆದಿಡಿ. 21ನೇ ದಿನಕ್ಕೆ ಅಲಾರಾಂ ಇಡಿ. ಆ ಫೋಟೋ ಮುಂದೆ ಬೇಕೇ ಬೇಕು: ತಂದೆ ಹೋರಿಯಿಂದಲೇ ಮಗಳಿಗೆ ಗಬ್ಬ ಕಟ್ಟಿಸಿದರೆ ತಳಿ ಕೆಡುತ್ತದೆ. ಊರಿಗೊಂದೇ ಹೋರಿ ಇದ್ದಲ್ಲಿ ಆಗೋದು ಇದೇ.

ಮೇವು

ನಮ್ಮಲ್ಲಿ ಕಬ್ಬಿನ ಹಸಿ ಸೋಗೆ ಪುಕ್ಕಟೆ ಸಿಗುತ್ತದೆ ಅಂತ ಬರೀ ಅದನ್ನೇ ಹಾಕಬೇಡಿ. ಅದರಲ್ಲಿನ ಆಕ್ಸಲೇಟ್ ಸುಣ್ಣದ ಅಂಶವನ್ನು ದನದ ಮೈಗೆ ಸಿಗದಂತೆ ಮಾಡುತ್ತದೆ. ಜೋಳದ ಕಣಿಕಿ, ಕಡಲೆ ಹೊಟ್ಟು, ಬದುವಿನ ಮೇಲೆ ಬೆಳೆದ ಬೇಲಿ ಮೆಂತೆ ಜೊತೆಗಿರಲಿ. ಖನಿಜ ಮಿಶ್ರಣ ತಪ್ಪಿಸಬೇಡಿ. ಹೆಣ್ಣುಕರುವಿಗೆ 4ರಿಂದ 8 ತಿಂಗಳೊಳಗೆ ಕಂದುರೋಗದ ಲಸಿಕೆ ಒಮ್ಮೆ ಹಾಕಿಸಿ. ಗರ್ಭ ಕಂತು ಹಾಕಿಸುವ ರೋಗ ಅದು, ಹಿಂಡಿಗೆ ಹಿಂಡೇ ಹಾಳಾದೀತು.

ಯಾವ ತಳಿ?

ಈ ಭಾಗಕ್ಕೆ ಕಿಲಾರಿ ಒಗ್ಗಿದೆ. ನಮ್ಮ ನದಿಯ ಹೆಸರಿನದೇ ಇನ್ನೊಂದು ತಳಿ ಕೃಷ್ಣಾ ವ್ಯಾಲಿ. 19ನೇ ಶತಮಾನದ ಕೊನೆಗೆ ಇಲ್ಲಿನ ಸಂಸ್ಥಾನಗಳ ಕಾಲದಲ್ಲಿ ಗಿರ್, ಓಂಗೋಲ್ ಮುಂತಾದವನ್ನು ಕೂಡಿಸಿ ಎರೆಭೂಮಿಯ ಉಳುಮೆಗೆಂದು ಕಟ್ಟಿದ್ದು. ಟ್ರ್ಯಾಕ್ಟರ್ ಬಂದ ಮೇಲೆ ವಿರಳವಾಗಿದೆ. ಸಿಕ್ಕರೆ ಬಿಡಬೇಡಿ. ಆದರೆ ಹಾಲಿನ ಆಸೆಯಿಂದ ಈ ತಳಿಗಳಿಗೆ ಕೈ ಹಾಕಬೇಡಿ. ಇವುಗಳ ಆದಾಯ ಹೋರಿಕರು ಮತ್ತು ಗೊಬ್ಬರ.

ಕೊನೆಯ ಮಾತು. ರೊಕ್ಕದ ಅಡಚಣೆ ಬಂದ ವರ್ಷ ಅಪ್ಪ "ಕಡಸು ಮಾರೂಣು" ಅಂದರು. ನಾನು ಹೋರಿಕರ ಮಾರಿ ಕಡಸು ಉಳಿಸಿಕೊಂಡೆ. ಅಂದು ಮನೆಯಲ್ಲಿ ಜಗಳವೇ ಆಯಿತು. ಈಗ ಆ ಕಡಸು ಗಬ್ಬ ಐತಿ. ಈ ಸಲ ಪರೀಕ್ಷೆ ಮಾಡಿಸಿಯೇ ಹೇಳ್ತಿದೀನಿ!