ಮಿಕ್ಸರ್ ಬ್ಲೇಡು ಜಪಾನಿನಲ್ಲಿ ಮಹಾಖಡ್ಗವಾಯಿತು!

ಅಡುಗೆಮನೆಯ ಮಿಕ್ಸರ್ ಬ್ಲೇಡು ಹಿಡಿದು ಒಬ್ಬ ವೀರ ಯುದ್ಧಕ್ಕೆ ಹೊರಟರೆ ಹೇಗಿರುತ್ತದೆ? ನಗು ಬರುತ್ತದೆ ಅಲ್ಲವೇ? ಅಮೆರಿಕದ ಇಬ್ಬರು ಕಾಲೇಜು ಹುಡುಗರು ನಗಿಸಲೆಂದೇ ತಮ್ಮ ಕಂಪ್ಯೂಟರ್ ಆಟದಲ್ಲಿ ಅಂಥದೊಂದು ಖಡ್ಗ ಇಟ್ಟಿದ್ದರು. ಅಲ್ಲಿನ ಮನೆಗಳಲ್ಲಿ ಹೆಸರಾಗಿದ್ದ ಕ್ವಿಸಿನಾರ್ಟ್ ಎಂಬ ತರಕಾರಿ ಕತ್ತರಿಸುವ ಯಂತ್ರದ ಹೆಸರನ್ನೇ ಒಂದಿಷ್ಟು ತಿರುಚಿ ಖಡ್ಗಕ್ಕೆ ಅಂಟಿಸಿದ್ದರು.

ಆಟ ಸಮುದ್ರ ದಾಟಿ ಜಪಾನಿಗೆ ಹೋಯಿತು. ಅಲ್ಲಿ ಆಡುವವರಿಗೆ ಆ ಯಂತ್ರದ ಹೆಸರು ಹೊಳೆಯಲಿಲ್ಲ. ಕಾಶಿನಾಟೊ ಎಂಬ ಮಹಾನ್ ಕಮ್ಮಾರ ಬಡಿದ ಖಡ್ಗ ಇದು ಎಂದು ಭಕ್ತಿಯಿಂದ ಓದಿಕೊಂಡರು!

ಎರಡು ಭಾಷೆಯ ನಡುವೆ ಬದುಕುವ ನಮ್ಮಂಥ ಗಡಿ ಜನಕ್ಕೆ ಇದು ಹೊಸದೇನಲ್ಲ. ಮರಾಠಿ ಜೋಕು ಕನ್ನಡದಾಗ ಹೇಳಿದರ ಎದುರಿಗಿದ್ದವರು ನಗೋದು ಬಿಟ್ಟು "ಹೌದಾ? ಯಾವಾಗ ಆತು ಇದು?" ಅಂತ ಕೇಳೂದುಂಟು. ಆದರೆ ಇಲ್ಲಿ ಜೋಕು ತಿಳಿಯದೆ ಹೋದದ್ದರಿಂದ ನಷ್ಟವಾಗಲಿಲ್ಲ. ತವರಿನಲ್ಲಿ ಬಾಗಿಲು ಮುಚ್ಚಿದ ಆಟವೊಂದು ಹೊರನಾಡಿನಲ್ಲಿ ಬೇರು ಬಿಟ್ಟು ಉಳಿಯಿತು.

ಹೌದು, ಆ ಆಟದ ಹೆಸರು 'ವಿಝರ್ಡ್ರಿ'. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಲಿಯುತ್ತಿದ್ದ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಅದನ್ನು ಆಪಲ್ 2 ಕಂಪ್ಯೂಟರಿಗಾಗಿ ಬರೆದರು. ಸರ್-ಟೆಕ್ ಕಂಪನಿ 1981ರಲ್ಲಿ ಮಾರುಕಟ್ಟೆಗೆ ತಂದಿತು. ಆಟದ ಖಳನಾಯಕ ವೆರ್ಡ್ನಾ, ಹುಚ್ಚು ದೊರೆ ಟ್ರೆಬೋರ್. ಎರಡೂ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಓದಿ ನೋಡ್ರಿ, ಆಂಡ್ರ್ಯೂ ಮತ್ತು ರಾಬರ್ಟ್ ಹೊರಗೆ ಬೀಳುತ್ತಾರೆ.

ಅಳಿಸಲಾಗದ ರೋಜ್‌ಕೀರ್ದಿ

ಆಟ ಕೇಳಲು ಸರಳ. ಆರು ಜನರ ತಂಡ ಕಟ್ಟಬೇಕು. ಕಾದಾಡುವವರು, ಮಂತ್ರ ಹಾಕುವವರು, ಗಾಯ ವಾಸಿ ಮಾಡುವ ಪೂಜಾರಿ, ಪೆಟ್ಟಿಗೆಯ ಬೀಗ ತೆಗೆಯುವ ಕಳ್ಳ. ನೆಲದಡಿ ಹತ್ತು ಅಂತಸ್ತಿನ ಭುಯಾರ. ಒಂದೊಂದು ಅಂತಸ್ತು ಇಪ್ಪತ್ತು ಮನೆ ಉದ್ದ, ಇಪ್ಪತ್ತು ಮನೆ ಅಗಲ. ಹತ್ತನೆಯದರಲ್ಲಿ ವೆರ್ಡ್ನಾ ಕುಳಿತಿರುತ್ತಾನೆ. ಅವನು ಕದ್ದ ತಾಯಿತವನ್ನು ವಾಪಸ್ ತರಬೇಕು. ಪರದೆಯ ಮೇಲೆ ಕಾಣುವುದು ಬರೇ ಗೆರೆಗಳಲ್ಲಿ ಬಿಡಿಸಿದ ಗೋಡೆ, ಬಾಗಿಲು. ನಕ್ಷೆ ಆಟದಲ್ಲಿ ಇಲ್ಲ, ಆಡುವವನೇ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಬಿಡಿಸಿಕೊಳ್ಳಬೇಕು. ಅದರಲ್ಲೂ ನೆಲ ಸದ್ದಿಲ್ಲದೆ ತಿರುಗಿ ದಿಕ್ಕು ತಪ್ಪಿಸುವ ಜಾಗಗಳುಂಟು, ಕತ್ತಲೆ ತುಂಬಿದ ಜಾಗಗಳುಂಟು.

ಆಟದ ಜೀವ ಇರುವುದು ಸಾವಿನಲ್ಲಿ. ತಂಡದವನು ಸತ್ತರೆ ಹೆಣವನ್ನು ಊರಿಗೆ ಹೊತ್ತು ತಂದು ಗುಡಿಯಲ್ಲಿ ರೊಕ್ಕ ಕೊಟ್ಟು ಬದುಕಿಸಬಹುದು. ಗ್ಯಾರಂಟಿ ಇಲ್ಲ. ಮೊದಲ ಸಲ ವಿಫಲವಾದರೆ ಬೂದಿ. ಇನ್ನೊಮ್ಮೆ ವಿಫಲವಾದರೆ ಅವನ ಹೆಸರೇ ಪಟ್ಟಿಯಿಂದ ಹೋಗುತ್ತದೆ. ಆಟ ತಾನಾಗಿಯೇ ಎಲ್ಲವನ್ನೂ ಡಿಸ್ಕಿನ ಮೇಲೆ ಬರೆದಿಡುತ್ತಿತ್ತು. ನಮ್ಮ ವ್ಯಾಪಾರಸ್ಥರ ಮಾತಿನಲ್ಲಿ ಹೇಳುವುದಾದರೆ ಶಾಯಿಯಲ್ಲಿ ಬರೆದ ರೋಜ್‌ಕೀರ್ದಿ ಇದ್ದ ಹಾಗೆ. ತಿಂಗಳುಗಟ್ಟಲೆ ಬೆಳೆಸಿದವನು ಒಂದು ಮೊಲದ ಬಾಯಿಗೆ ತಲೆ ಕೊಟ್ಟು ಹೋಗಬಹುದು. ಆಟದಲ್ಲಿ ತಲೆ ಕತ್ತರಿಸುವ ಮೊಲ ನಿಜವಾಗಿಯೂ ಇದೆ, ಅದೂ ಒಂದು ಜೋಕೇ!

ಮಗ ಮೊದಲು, ಅಪ್ಪ ಆಮೇಲೆ

ಜಪಾನಿನ ಕಂಪ್ಯೂಟರುಗಳಿಗೆ ವಿಝರ್ಡ್ರಿಯನ್ನು ಆಸ್ಕಿ ಕಂಪನಿ 1985ರಲ್ಲಿ ತಂದಿತು. ಆದರೆ ಕಂಪ್ಯೂಟರ್ ಎಲ್ಲರ ಮನೆಯಲ್ಲಿ ಇರಲಿಲ್ಲ. ಟಿವಿಗೆ ಜೋಡಿಸುವ ನಿಂಟೆಂಡೊ ಫ್ಯಾಮಿಕಾಮ್ ಇತ್ತು. ವಿಝರ್ಡ್ರಿ ಆಡಿ ಹುಚ್ಚು ಹಿಡಿಸಿಕೊಂಡಿದ್ದ ಯೂಜಿ ಹೋರಿಯಿ ಅಂಥದೇ ಆಟವನ್ನು ಚಿಕ್ಕ ಮಕ್ಕಳಿಗೂ ತಿಳಿಯುವ ಹಾಗೆ ಹಗುರ ಮಾಡಿ 1986ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ಎಂದು ಫ್ಯಾಮಿಕಾಮ್‌ಗೆ ತಂದರು. ಅದು ಜಪಾನಿನ ಮನೆಮಾತಾಯಿತು. ವಿಝರ್ಡ್ರಿ ಅದೇ ಯಂತ್ರಕ್ಕೆ ಬಂದದ್ದು 1987ರ ಡಿಸೆಂಬರಿನಲ್ಲಿ. ಮಗ ಮೊದಲು ಮನೆಗೆ ಬಂದ, ಅಪ್ಪ ಹಿಂದಿನಿಂದ ಬಂದ ಎನ್ನಬೇಕು.

ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಸಂತೆ, ಜಾತ್ರೆಗಳಲ್ಲಿ ಸಿಗುತ್ತಿದ್ದ ಟಿವಿ ಗೇಮ್ ನೆನಪಿರಬೇಕಲ್ಲ? ಹಳದಿ ಕ್ಯಾಸೆಟ್ಟು, ಮೇಲೆ ಲಕ್ಷಗಟ್ಟಲೆ ಆಟಗಳಿವೆ ಎಂಬ ಸುಳ್ಳು, ಒಳಗೆ ಮಾರಿಯೊ ಮತ್ತು ಕಾಂಟ್ರಾ. ಅವೆಲ್ಲ ಈ ಫ್ಯಾಮಿಕಾಮ್‌ನ ನಕಲುಗಳೇ. ನಾನು ಕೈಯಲ್ಲಿ ಹಿಡಿದ ಅಂಥ ಕ್ಯಾಸೆಟ್ಟುಗಳಲ್ಲಿ ವಿಝರ್ಡ್ರಿ ಎಂದೂ ಕಾಣಲಿಲ್ಲ. ಕಾರಣ ಸುಲಭ. ತಿಂಗಳುಗಟ್ಟಲೆ ನಡೆಯುವ ಆಟಕ್ಕೆ ನೆನಪು ಬೇಕು. ಜಪಾನಿನ ಅಸಲಿ ಕ್ಯಾಸೆಟ್ಟಿನೊಳಗೆ ಕೈಗಡಿಯಾರಕ್ಕೆ ಹಾಕುವಂಥ ಚಿಕ್ಕ ಬ್ಯಾಟರಿ ಇರುತ್ತಿತ್ತು. ವಿದ್ಯುತ್ ಬಂದ್ ಮಾಡಿದರೂ ಆರು ಜನರ ಲೆಕ್ಕ ಒಳಗೆ ಉಳಿಯುತ್ತಿತ್ತು. ನಮ್ಮ ಅಗ್ಗದ ಕ್ಯಾಸೆಟ್ಟಿಗೆ ಆ ಭಾಗ್ಯ ಎಲ್ಲಿಂದ ಬರಬೇಕು?

ಫ್ಯಾಮಿಕಾಮ್ ಆವೃತ್ತಿ ತಯಾರಿಸಿದ್ದು ಗೇಮ್ ಸ್ಟುಡಿಯೊ. ಅದರ ಮುಖ್ಯಸ್ಥ ಮಸಾನೊಬು ಎಂಡೊ ಆಗಲೇ 'ಝೆವಿಯಸ್' ಆಟದಿಂದ ಹೆಸರು ಮಾಡಿದ್ದವರು. ಅವರು ಆಟದ ಕಾಯಿದೆ ಬದಲಿಸಲಿಲ್ಲ, ಸಾವನ್ನು ಮೆತ್ತಗೆ ಮಾಡಲಿಲ್ಲ. ಮೈಕಟ್ಟು ಮಾತ್ರ ಬದಲಿಸಿದರು. ಗೆರೆಯ ಗೋಡೆಗೆ ಇಟ್ಟಿಗೆ ಬಂತು. ದೈತ್ಯರ ಚಿತ್ರಗಳನ್ನು ಕಲಾವಿದ ಜುನ್ ಸುಯೆಮಿ ಹೊಸದಾಗಿ ಬಿಡಿಸಿದರು. ಕೆಂತಾರೊ ಹನೆದಾ ಸಂಗೀತ ಕೊಟ್ಟರು. ಆಪಲ್ ಯಂತ್ರದಲ್ಲಿ ಮೌನವಾಗಿದ್ದ ಭುಯಾರಕ್ಕೆ ಅವರು ದೇವಾಲಯದ ಗಾಂಭೀರ್ಯ ತಂದರು. ನನಗೆ ಅನ್ನಿಸುವ ಮಟ್ಟಿಗೆ ಆಟ ಜಪಾನಿನದಾದದ್ದು ಇಲ್ಲಿಯೇ. ಅಮೆರಿಕದ ಹುಡುಗರು ನಗುನಗುತ್ತ ಬರೆದದ್ದನ್ನು ಇವರು ಪುರಾಣದಂತೆ ಓದಿದರು. ಮಿಕ್ಸರ್ ಬ್ಲೇಡು ಮಹಾಖಡ್ಗವಾಗಲು ಇಂಥ ಚಿತ್ರ, ಇಂಥ ಸಂಗೀತ ಬೇಕಿತ್ತು.

ಕುಂದು ಇರಲಿಲ್ಲವೆಂದಲ್ಲ. ಈ ಮೊದಲ ಕ್ಯಾಸೆಟ್ಟಿನಲ್ಲಿ ಒಂದು ದೊಡ್ಡ ತಪ್ಪು ನುಸುಳಿತ್ತು. ತಂಡಕ್ಕೆ ಎಷ್ಟು ಬೆಲೆಯ ಕವಚ ತೊಡಿಸಿದರೂ ಲೆಕ್ಕದಲ್ಲಿ ಅದರ ರಕ್ಷಣೆ ಸಿಗುತ್ತಿರಲಿಲ್ಲ. ರೊಕ್ಕ ಸುರಿದು ಉಕ್ಕಿನ ಅಂಗಿ ಕೊಂಡವನೂ ಬರಿಮೈಯವನೂ ಒಂದೇ! ಸತ್ತ ತಕ್ಷಣ ರಿಸೆಟ್ ಗುಂಡಿ ಒತ್ತಿ ಯಮನನ್ನು ಮೋಸ ಮಾಡುವ ಚಾಲಾಕಿ ಹುಡುಗರೂ ಅಲ್ಲಿದ್ದರು.

ಮುಂದಿನ ಭಾಗಗಳ ಸರತಿಯೂ ಅದಲುಬದಲಾಯಿತು. ಅಮೆರಿಕದ ಮೂರನೆಯ ಕಥೆ 1989ರಲ್ಲಿ ಫ್ಯಾಮಿಕಾಮ್‌ನ ಎರಡನೆಯದಾಗಿ ಬಂತು, ಎರಡನೆಯದು 1990ರಲ್ಲಿ ಮೂರನೆಯದಾಯಿತು. ಒಂದು ಭಾಗದಲ್ಲಿ ಬೆಳೆಸಿದವರನ್ನು ಇನ್ನೊಂದಕ್ಕೆ ಸಾಗಿಸಲು ಆಸ್ಕಿ ಕಂಪನಿ 'ಟರ್ಬೊ ಫೈಲ್' ಎಂಬ ಡಬ್ಬಿಯನ್ನೇ ಮಾರುತ್ತಿತ್ತು. ಖಳನಾಯಕ ವೆರ್ಡ್ನಾನೇ ನಾಯಕನಾಗಿ ಭುಯಾರದ ತಳದಿಂದ ಮೇಲಕ್ಕೆ ಹತ್ತಿ ಬರುವ ನಾಲ್ಕನೆಯ ಭಾಗ ಮಾತ್ರ ಫ್ಯಾಮಿಕಾಮ್‌ಗೆ ಬರಲೇ ಇಲ್ಲ. ಆಡುಯಂತ್ರದ ಮೇಲೆ ಅದನ್ನು ನೋಡಲು 1994ರ ಪಿಸಿ ಎಂಜಿನ್ ಸಂಪುಟದವರೆಗೆ ಕಾಯಬೇಕಾಯಿತು.

ತವರಿಗೆ ಬಂದ ಮಗಳು

1990ರಲ್ಲಿ ಈ ಜಪಾನೀ ಕ್ಯಾಸೆಟ್ಟು ಇಂಗ್ಲಿಷ್ ಮಾತು ಹೊತ್ತು ಅಮೆರಿಕಕ್ಕೆ ಮರಳಿತು. ಅಮೆರಿಕದವರೇ ಬರೆದ ಆಟ, ಜಪಾನಿನ ಚಿತ್ರ ಮತ್ತು ಸಂಗೀತ. ಗಂಡನ ಮನೆಯ ಸೀರೆ ಉಟ್ಟು ತವರಿಗೆ ಬಂದ ಮಗಳಂತೆ. ಜಪಾನಿನಲ್ಲಿ ಸಿಕ್ಕ ಮರ್ಯಾದೆ ತವರಿನಲ್ಲಿ ಸಿಗಲಿಲ್ಲ.

ಅಷ್ಟರಲ್ಲಿ ಜಪಾನಿನವರು ಸ್ವಂತ ಕಥೆ ಬರೆಯಲು ಶುರು ಮಾಡಿದ್ದರು. 1991ರಲ್ಲಿ ಕೈಯಲ್ಲಿ ಹಿಡಿಯುವ ಗೇಮ್‌ಬಾಯ್‌ಗೆ 'ವಿಝರ್ಡ್ರಿ ಗೈಡೆನ್' ಬಂತು. ಗೈಡೆನ್ ಎಂದರೆ ಉಪಕಥೆ. 1998ರಲ್ಲಿ ಮೊದಲ ಮೂರು ಭಾಗ ಸೇರಿಸಿ 'ಲಿಲ್‌ಗಮಿನ್ ಸಾಗಾ' ಪ್ಲೇಸ್ಟೇಷನ್ ಮತ್ತು ಸ್ಯಾಟರ್ನ್ ಯಂತ್ರಗಳಿಗೆ ಬಂತು. ದ್ವಿಭಾಷಿಕನಾದ ನನಗೆ ಇದರ ಮೇಲೆ ವಿಶೇಷ ಪ್ರೀತಿ. ಪ್ಲೇಸ್ಟೇಷನ್ ಡಿಸ್ಕಿನಲ್ಲಿ ಜಪಾನೀ ಮಾತನ್ನು ಇಂಗ್ಲಿಷಿಗೆ ಬದಲಿಸಬಹುದು, ಬಣ್ಣದ ಗೋಡೆ ಬೇಡವೆಂದರೆ ಹಳೆಯ ಗೆರೆಯ ಗೋಡೆ ಹಾಕಿಕೊಳ್ಳಬಹುದು. ಮೂಲವೂ ಅನುವಾದವೂ ಒಂದೇ ಮನೆಯಲ್ಲಿ, ಜಗಳವಿಲ್ಲದೆ.

ತವರಿನ ಕಥೆ ಬೇರೆ. 2001ರಲ್ಲಿ ಸರ್-ಟೆಕ್‌ನ ಕೆನಡಾ ಶಾಖೆ ಎಂಟನೆಯ ಭಾಗ ಹೊರತಂದಿತು. ಅದೇ ಕೊನೆ. 2003ರಲ್ಲಿ ಕಂಪನಿ ಬಾಗಿಲು ಹಾಕಿತು. ಅದೇ 2001ರಲ್ಲಿ ಜಪಾನಿನ ಅಟ್ಲಸ್ ಕಂಪನಿ ಪ್ಲೇಸ್ಟೇಷನ್ 2 ಯಂತ್ರಕ್ಕೆ ಹೊಸ ವಿಝರ್ಡ್ರಿ ತಂದಿತ್ತು. 2020ರಲ್ಲಿ ಹೆಸರಿನ ಹಕ್ಕು ಜಪಾನಿನ ಡ್ರೆಕಾಮ್ ಕಂಪನಿಯ ಕೈ ಸೇರಿತು. 2024ರ ಅಕ್ಟೋಬರಿನಿಂದ 'ವಿಝರ್ಡ್ರಿ ವೇರಿಯಂಟ್ಸ್ ಡಾಫ್ನೆ' ಎಂಬ ಅದರ ಮೊಬೈಲ್ ಆಟವೂ ಇದೆ. ಅದು ಪುಕ್ಕಟೆ ಇಳಿಯುತ್ತದೆ, ಆಮೇಲೆ ಒಳಗೆ ರೊಕ್ಕ ಕೇಳುತ್ತದೆ. ಮಕ್ಕಳ ಕೈಯಲ್ಲಿ ಫೋನ್ ಕೊಡುವ ಪಾಲಕರು ಗಮನಿಸಬೇಕು.

1981ರ ಮೊದಲ ಆಟವನ್ನು ಅಮೆರಿಕದ ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆ ಹೊಸ ಚಿತ್ರಗಳೊಂದಿಗೆ ಕಟ್ಟಿ 2024ರ ಮೇ ತಿಂಗಳಲ್ಲಿ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್ ಮತ್ತು ಕಂಪ್ಯೂಟರುಗಳಿಗೆ ಪೂರ್ತಿಯಾಗಿ ಹೊರತಂದಿತು. ಅದರ ಸಂಗೀತಕ್ಕೆ ವಿನಿಫ್ರೆಡ್ ಫಿಲಿಪ್ಸ್ 2025ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಖಳನಾಯಕನಿಗೆ ತನ್ನ ಹೆಸರನ್ನೇ ತಿರುಗಿಸಿ ಇಟ್ಟ ಗ್ರೀನ್‌ಬರ್ಗ್ ಆಮೇಲೆ ವಕೀಲರಾಗಿದ್ದರು. ಹೊಸ ಆವೃತ್ತಿ ಬಂದ ಮೂರು ತಿಂಗಳಿಗೆ, 2024ರ ಆಗಸ್ಟಿನಲ್ಲಿ ತೀರಿಕೊಂಡರು.

ಈ ಹೊಸ ಆವೃತ್ತಿ ಒಳಗೊಳಗೆ ಹಳೆಯ ಆಪಲ್ ಲೆಕ್ಕದ ಮೇಲೆಯೇ ಓಡುತ್ತದೆ. ಬೇಕೆಂದವರು ಪರದೆಯ ಒಂದು ಮೂಲೆಯಲ್ಲಿ ಆ ಹಳೆಯ ಗೆರೆಯ ಭುಯಾರವನ್ನು ಜೊತೆಜೊತೆಗೇ ನೋಡಬಹುದು. ಗ್ರಾಫ್ ಹಾಳೆ ಬೇಕಿಲ್ಲ, ನಕ್ಷೆ ಯಂತ್ರವೇ ಬಿಡಿಸಿ ಕೊಡುತ್ತದೆ.