ಉಷ್ಣಸಂಗ್ರಹದ ಲವಣಗಳೂ ಪೇಟೆಂಟು ಪರೀಕ್ಷಕನ ಪ್ರಶ್ನೆಯೂ

ಹೊಸದೊಂದು ಸಾಧನವನ್ನು ಕಂಡುಹಿಡಿದವನಿಗೆ ರಾಜ್ಯವು ಕೊಡುವ ಕಾಲಮಿತಿಯುಳ್ಳ ಹಕ್ಕಿಗೆ ಪೇಟೆಂಟು ಎಂದು ಹೆಸರು. ಭಾರತದಲ್ಲಿ ಈಗ ಅದರ ಅವಧಿ, ಅರ್ಜಿ ಸಲ್ಲಿಸಿದ ದಿನದಿಂದ ೨೦ ವರ್ಷ. ಅಷ್ಟು ಕಾಲ ಅವನ ಅನುಮತಿಯಿಲ್ಲದೆ ಮತ್ತಾರೂ ಆ ಸಾಧನವನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. ಇದಕ್ಕೆ ಪ್ರತಿಯಾಗಿ ಅವನು ತನ್ನ ಗುಟ್ಟನ್ನು ಎಲ್ಲರಿಗೂ ತಿಳಿಯುವಂತೆ ಬರೆದು ಒಪ್ಪಿಸಬೇಕು. ಹಕ್ಕು ದೊರೆಯಬೇಕಾದರೆ ಸಾಧನವು ಹೊಸದಾಗಿರಬೇಕು, ಉದ್ಯಮದಲ್ಲಿ ಉಪಯೋಗಕ್ಕೆ ಬರುವಂತಿರಬೇಕು. ಇವೆರಡರ ಜೊತೆಗೆ, ಆ ಕಸುಬನ್ನು ಬಲ್ಲವನೊಬ್ಬನಿಗೆ ಅದು ತಾನಾಗಿಯೇ ಹೊಳೆಯುವಂಥದಾಗಿರಬಾರದು. ಈ ಮೂರನೆಯ ದೋಷವನ್ನು ನಾವು ಇಲ್ಲಿ ಸುಗೋಚರತೆ ಎಂದು ಕರೆಯೋಣ.

ಮೊದಲಿನ ಎರಡು ನಿಬಂಧನೆಗಳ ಪರೀಕ್ಷೆ ಹೋಲಿಕೆಯಿಂದ ಸುಲಭ. ಅದೇ ಸಾಧನವು ಹಿಂದೆ ಎಲ್ಲಿಯಾದರೂ ವರ್ಣಿತವಾಗಿದ್ದರೆ ಅದು ಹೊಸದಲ್ಲ. ಮಾತು ಅಲ್ಲಿಗೆ ಮುಗಿಯಿತು. ಮೂರನೆಯದು ಹಾಗಲ್ಲ. ಕಳೆದುಹೋದ ಒಂದು ನಿರ್ದಿಷ್ಟ ದಿನದಂದು, ಅಂದಿನ ಗ್ರಂಥಗಳನ್ನೆಲ್ಲ ಓದಿದ್ದ ಒಬ್ಬ ಸಾಮಾನ್ಯ ಕುಶಲನಿಗೆ ಯಾವುದು ತೋಚುತ್ತಿತ್ತು, ಯಾವುದು ತೋಚುತ್ತಿರಲಿಲ್ಲ ಎಂಬುದನ್ನು ಇಲ್ಲಿ ನಿರ್ಣಯಿಸಬೇಕು. ಇದು ಹೆಸರಿಗೆ ಕಾನೂನಿನ ಪ್ರಶ್ನೆ, ಸ್ವರೂಪದಲ್ಲಿ ಚರಿತ್ರೆಯ ಪ್ರಶ್ನೆ. ಚರಿತ್ರೆಯ ಅಧ್ಯಾಪಕನೊಬ್ಬನು ರಸಾಯನಶಾಸ್ತ್ರದ ಅಂಗಳಕ್ಕೆ ಕಾಲಿಡುವುದಕ್ಕೆ ಇದೇ ಸಮಾಧಾನ. ಲವಣಗಳಲ್ಲಿ ಉಷ್ಣವನ್ನು ಕೂಡಿಟ್ಟುಕೊಳ್ಳುವ ಸಾಧನಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಕಾಯಿಸಲು ಒಂದು ಕಿಲೋಕ್ಯಾಲರಿ ಉಷ್ಣ ಬೇಕು. ಆದರೆ ವಸ್ತುವು ಕರಗುವಾಗ ಉಷ್ಣಮಾನ ಏರದೆಯೇ ಬಹಳಷ್ಟು ಉಷ್ಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಗಟ್ಟಿಯಾಗುವಾಗ ಅದನ್ನು ಹಿಂದಕ್ಕೆ ಕೊಡುತ್ತದೆ. ಗುಪ್ತೋಷ್ಣವೆಂದು ಶಾಲೆಯ ಪುಸ್ತಕಗಳು ಹೇಳುವುದು ಇದನ್ನೇ. ೧೭ನೆಯ ಶತಮಾನದ ಜರ್ಮನ್ ರಸಾಯನಜ್ಞ ಯೋಹಾನ್ ರುಡೋಲ್ಫ್ ಗ್ಲೌಬರನ ಹೆಸರಿನಿಂದ ಪ್ರಸಿದ್ಧವಾದ ಲವಣವು ಸೋಡಿಯಂ ಸಲ್ಫೇಟು. ಅದರ ಹರಳಿನ ಪ್ರತಿಯೊಂದು ಅಣುವಿನೊಡನೆಯೂ ನೀರಿನ ಹತ್ತು ಅಣುಗಳು ಕೂಡಿಕೊಂಡಿರುತ್ತವೆ. ೩೨.೪ ಡಿಗ್ರಿಯಲ್ಲಿ ಹರಳು ತನ್ನ ನೀರನ್ನು ಬಿಟ್ಟುಕೊಟ್ಟು ದ್ರವವಾಗುತ್ತದೆ. ಆಗ ಒಂದು ಕಿಲೋಗ್ರಾಂ ಲವಣವು ಹೀರುವ ಉಷ್ಣ ಸುಮಾರು ೬೦ ಕಿಲೋಕ್ಯಾಲರಿ. ಅಷ್ಟೇ ತೂಕದ ನೀರಿನಲ್ಲಿ ಅಷ್ಟೇ ಉಷ್ಣವನ್ನು ಇಡಬೇಕಾದರೆ ನೀರನ್ನು ೬೦ ಡಿಗ್ರಿಯಷ್ಟು ಹೆಚ್ಚಾಗಿ ಕಾಯಿಸಬೇಕಾದೀತು. ಹಗಲಿನ ಬಿಸಿಲನ್ನು ರಾತ್ರಿಗೆ ಕೂಡಿಡಬಯಸುವವರಿಗೆ ಇದಕ್ಕಿಂತ ಅಗ್ಗದ ಉಗ್ರಾಣ ಬೇರೆ ಯಾವುದು?

೧೯೪೮ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಡೋವರ್ ಎಂಬಲ್ಲಿ ಕಟ್ಟಿದ ಮನೆಯೊಂದು ಈ ವಿಚಾರದ ಮೊದಲ ದೊಡ್ಡ ಪ್ರಯೋಗ. ಬುಡಾಪೆಸ್ಟಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿದ ಮರಿಯಾ ಟೆಲ್ಕೆಸ್ ಅದರ ಉಷ್ಣವ್ಯವಸ್ಥೆಯನ್ನು ಯೋಜಿಸಿದರು; ವಾಸ್ತುಶಿಲ್ಪಿ ಎಲಿನರ್ ರೇಮಂಡ್; ಹಣವನ್ನು ಒದಗಿಸಿದವರು ಅಮೀಲಿಯ ಪೀಬಾಡಿ. ದಕ್ಷಿಣದ ಗೋಡೆಯ ಗಾಜಿನ ಹಿಂದೆ ಬಿಸಿಯಾದ ಗಾಳಿಯನ್ನು ಬೀಸಣಿಗೆಗಳು ಲವಣದ ಪೀಪಾಯಿಗಳ ಕಡೆಗೆ ನೂಕುತ್ತಿದ್ದವು. ಮನೆಯಲ್ಲಿ ಸುಮಾರು ೨೧ ಟನ್ನು ಗ್ಲೌಬರ್ ಲವಣವಿತ್ತು. ಆ ಶೀತಪ್ರದೇಶದಲ್ಲಿ ಒಲೆಯಿಲ್ಲದ ಮನೆಯೆಂದು ಅದು ದೇಶವನ್ನೆಲ್ಲ ಬೆರಗುಗೊಳಿಸಿತು. ಆದರೆ ಮೂರನೆಯ ಚಳಿಗಾಲದ ಹೊತ್ತಿಗೆ ವ್ಯವಸ್ಥೆ ಸೋತಿತು.

ಸೋಲಿನ ಕಾರಣಗಳನ್ನು ತಿಳಿಯದೆ ಮುಂದಿನ ಆವಿಷ್ಕಾರಗಳ ಬೆಲೆಯನ್ನು ಕಟ್ಟಲಾಗುವುದಿಲ್ಲ. ಈ ಲವಣಕ್ಕೆ ಎರಡು ದುರ್ಗುಣಗಳುಂಟು. ಒಂದು, ಕರಗಿದಾಗ ಅದು ಪೂರ್ತಿಯಾಗಿ ದ್ರವವಾಗದೆ, ನೀರನ್ನು ಕಳೆದುಕೊಂಡ ಸೋಡಿಯಂ ಸಲ್ಫೇಟಿನ ಒಂದು ಭಾಗ ಪಾತ್ರೆಯ ತಳಕ್ಕೆ ಇಳಿದು ಕುಳಿತುಬಿಡುತ್ತದೆ. ತಣಿಯುವಾಗ ಮೇಲಿನ ನೀರೂ ಕೆಳಗಿನ ಗಷ್ಟವೂ ಮತ್ತೆ ಸರಿಯಾಗಿ ಕೂಡುವುದಿಲ್ಲ. ಸಲಸಲಕ್ಕೂ ಉಷ್ಣ ಹಿಡಿಯುವ ಶಕ್ತಿ ಕುಂದುತ್ತದೆ. ಇನ್ನೊಂದು ದುರ್ಗುಣವೆಂದರೆ, ೩೨ ಡಿಗ್ರಿಗಿಂತ ಕೆಳಗೆ ಇಳಿದರೂ ದ್ರವವು ಹರಳುಗಟ್ಟದೆ ಹಾಗೆಯೇ ಉಳಿದುಬಿಡುವುದು. ಇದಕ್ಕೆ ಅತಿಶೀತಲನವೆಂದು ಹೆಸರು. ಹರಳುಗಟ್ಟದಿದ್ದರೆ ಗುಪ್ತೋಷ್ಣ ಹೊರಗೆ ಬರುವುದಿಲ್ಲ. ಹಣ ಪೆಟ್ಟಿಗೆಯಲ್ಲಿದ್ದೂ ಬೀಗದ ಕೈ ಕಳೆದುಹೋದಂತೆ.

ಬೀಗದ ಕೈ ದೊರೆತದ್ದು ಬಿಳಿಗಾರದಲ್ಲಿ. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಈ ವಸ್ತುವನ್ನು ನೂರಕ್ಕೆ ಮೂರು ನಾಲ್ಕು ಪಾಲಿನಷ್ಟು ಬೆರೆಸಿದರೆ, ಅದರ ಕಣಗಳನ್ನು ಆಧಾರವಾಗಿ ಹಿಡಿದು ಗ್ಲೌಬರ್ ಲವಣ ಹರಳುಗಟ್ಟತೊಡಗುತ್ತದೆ. ಎರಡರ ಹರಳುಗಳ ಒಳರಚನೆ ಬಹುಮಟ್ಟಿಗೆ ಒಂದೇ ಬಗೆಯದಾಗಿರುವುದು ಇದಕ್ಕೆ ಕಾರಣ. ಈ ಮಿಶ್ರಣಕ್ಕೆ ಟೆಲ್ಕೆಸ್ ಅವರಿಗೆ ೧೯೫೪ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು.

ಈಗ ಓದುಗರು ಪರೀಕ್ಷಕನ ಕುರ್ಚಿಯಲ್ಲಿ ಕುಳಿತು ನೋಡಲಿ. ಗ್ಲೌಬರ್ ಲವಣ ಮುನ್ನೂರು ವರ್ಷದಷ್ಟು ಹಳೆಯದು. ಬಿಳಿಗಾರ ಅದಕ್ಕಿಂತಲೂ ಹಳೆಯದು. ಹರಳುಗಟ್ಟಿಸಲು ಬೀಜದ ಹರಳನ್ನು ಹಾಕಬೇಕೆಂಬುದು ಕಾಲೇಜಿನ ಪ್ರಯೋಗಶಾಲೆಯ ಹುಡುಗನಿಗೂ ಗೊತ್ತು. ಸಮಾನ ರಚನೆಯ ಹರಳುಗಳ ವಿಚಾರವನ್ನು ಮಿಟ್ಷರ್ಲಿಖ್ ೧೮೧೯ರ ಸುಮಾರಿಗೇ ತೋರಿಸಿಕೊಟ್ಟಿದ್ದನು. ಇವನ್ನು ಒಂದರ ಪಕ್ಕದಲ್ಲೊಂದು ಜೋಡಿಸಿದರೆ ಬಿಳಿಗಾರ ತಾನಾಗಿಯೇ ಹೊಳೆಯುವಂತೆ ಕಾಣುತ್ತದೆ. ಆದರೆ ಇವನ್ನು ಪಕ್ಕಪಕ್ಕದಲ್ಲಿ ಜೋಡಿಸಿದವರು ಯಾರು? ಉತ್ತರವನ್ನು ಮೊದಲೇ ಓದಿದ ನಾವು. ಅರ್ಜಿದಾರನ ಬರಹವನ್ನು ಕೈಯಲ್ಲಿ ಹಿಡಿದುಕೊಂಡು ಗ್ರಂಥಭಂಡಾರದಲ್ಲಿ ಹುಡುಕುವವನಿಗೆ ಬೇಕಾದ ತುಣುಕುಗಳೆಲ್ಲ ಸಿಕ್ಕೇ ಸಿಕ್ಕುತ್ತವೆ. ಯುದ್ಧದ ಫಲಿತಾಂಶವನ್ನು ಬಲ್ಲ ಚರಿತ್ರಕಾರನು, ಸೋತ ಸೇನಾಪತಿಯ ತಪ್ಪುಗಳು ಅಂದೇ ಕಣ್ಣಿಗೆ ಹೊಡೆಯುವಂತಿದ್ದವೆಂದು ಬರೆಯುವುದು ಇದೇ ರೀತಿಯ ಪ್ರಮಾದ.

ಈ ಪ್ರಮಾದಕ್ಕೆ ಕಡಿವಾಣ ಹಾಕುವ ಪ್ರಯತ್ನವೇ ಸುಗೋಚರತೆಯ ಕಾನೂನಿನ ಚರಿತ್ರೆ. ೧೮೫೧ರಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಾಲಯದ ಮುಂದೆ ಬಂದದ್ದು ಬಾಗಿಲ ಹಿಡಿಕೆಯ ವ್ಯಾಜ್ಯ. ಮರ ಅಥವಾ ಲೋಹದ ಬದಲು ಜೇಡಿಯಿಂದ ಹಿಡಿಕೆ ಮಾಡಿದವನ ಪೇಟೆಂಟನ್ನು ನ್ಯಾಯಾಲಯ ಮನ್ನಿಸಲಿಲ್ಲ. ಸಾಮಾನ್ಯ ಕುಶಲಕರ್ಮಿಯ ಜಾಣ್ಮೆಗಿಂತ ಹೆಚ್ಚಿನದೇನೂ ಅದರಲ್ಲಿಲ್ಲವೆಂಬುದು ತೀರ್ಪಿನ ಸಾರ. ೧೯೪೧ರಲ್ಲಿ ಮೋಟಾರುಗಾಡಿಯ ಸಿಗರೇಟು ಹೊತ್ತಿಸುವ ಸಾಧನದ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಪ್ರತಿಭೆಯ ಮಿಂಚು ಕಾಣಬೇಕೆಂಬ ಅರ್ಥದ ಮಾತನ್ನಾಡಿತು. ಹಾಗಾದರೆ ವರ್ಷಗಟ್ಟಲೆ ಲವಣಗಳನ್ನು ಬೆರೆಸಿ ಬೆರೆಸಿ ನೋಡುವ ಪ್ರಯೋಗಶೀಲರ ಪಾಡೇನು? ಮಿಂಚು ಎಲ್ಲರಿಗೂ ಹೊಡೆಯುವುದಿಲ್ಲ. ೧೯೫೨ರ ಶಾಸನವು ಈ ಆತಂಕವನ್ನು ಹೋಗಲಾಡಿಸಿತು. ಆವಿಷ್ಕಾರ ಹೇಗೆ ಹುಟ್ಟಿತೆಂಬುದು ಮುಖ್ಯವಲ್ಲ. ಕಸುಬು ಬಲ್ಲವನಿಗೆ ಅದು ಅಂದು ಸುಗೋಚರವಾಗಿತ್ತೇ ಎಂಬುದಷ್ಟೇ ಮುಖ್ಯವೆಂದು ಅದು ವಿಧಿಸಿತು.

೧೯೬೬ರ ಫೆಬ್ರವರಿಯಲ್ಲಿ ಒಂದೇ ದಿನ ಹೊರಬಿದ್ದ ತೀರ್ಪುಗಳು ಈ ವಿಧಿಗೆ ಒಂದು ವಿಚಾರಕ್ರಮವನ್ನು ಕೊಟ್ಟವು. ಅದರ ಪ್ರಕಾರ ಮೊದಲು ಪೂರ್ವಜ್ಞಾನದ ವ್ಯಾಪ್ತಿಯನ್ನು ಗೊತ್ತುಮಾಡಬೇಕು; ಬಳಿಕ ಅದಕ್ಕೂ ಹೊಸ ಸಾಧನಕ್ಕೂ ಇರುವ ಅಂತರವನ್ನು ಅಳೆಯಬೇಕು; ಆ ಕಸುಬಿನವರ ಸಾಮಾನ್ಯ ಮಟ್ಟವನ್ನು ನಿಶ್ಚಯಿಸಬೇಕು. ಬಹುಕಾಲದಿಂದ ತೀರದೆ ಉಳಿದಿದ್ದ ಕೊರತೆ, ಇತರರ ಸೋಲು, ಮಾರುಕಟ್ಟೆಯ ಗೆಲುವು ಇವೂ ಸಾಕ್ಷ್ಯಗಳಾಗಬಹುದು. ಕಲ್ಲುನೆಲದಲ್ಲಿ ಮುರಿಯದಂತೆ ನೇಗಿಲಿನ ಕಾಲನ್ನು ಬಿಗಿಯುವ ಏರ್ಪಾಟು ಈ ಪರೀಕ್ಷೆಯಲ್ಲಿ ಸೋತಿತು. ನೀರು ಹಾಕಿದೊಡನೆ ಕೆಲಸಮಾಡುವ ಆಡಮ್ಸ್ ಎಂಬುವರ ಬ್ಯಾಟರಿ ಗೆದ್ದಿತು. ಅದರಲ್ಲಿದ್ದ ಮೆಗ್ನೀಸಿಯಂ, ತಾಮ್ರದ ಕ್ಲೋರೈಡು ಎರಡೂ ಹಳೆಯವೇ. ಆದರೆ ಅಂದಿನ ಗ್ರಂಥಗಳನ್ನು ಓದಿದವನು ಆ ಜೋಡಣೆಯಿಂದ ದೂರ ಸರಿಯುತ್ತಿದ್ದನೇ ಹೊರತು ಅದರ ಹತ್ತಿರ ಬರುತ್ತಿರಲಿಲ್ಲ. ಸೈನ್ಯದ ತಜ್ಞರು ಸಹ ಮೊದಲು ಅದನ್ನು ನಂಬಲಿಲ್ಲ.

ಲವಣಗಳಿಗೆ ಹಿಂದಿರುಗೋಣ. ಗಷ್ಟವು ತಳಕ್ಕೆ ಇಳಿಯುವ ಮೊದಲನೆಯ ದುರ್ಗುಣಕ್ಕೆ ಟೆಲ್ಕೆಸ್ ಒಂದು ವಿಧದ ಜೇಡಿಮಣ್ಣನ್ನು ಬೆರೆಸಿ ದ್ರವವನ್ನು ಗಟ್ಟಿಮಾಡುವ ಪರಿಹಾರವನ್ನು ಕಂಡುಕೊಂಡು, ೧೯೭೬ರಲ್ಲಿ ಮತ್ತೊಂದು ಪೇಟೆಂಟನ್ನು ಪಡೆದರು. ನೀರುಮಜ್ಜಿಗೆಯಲ್ಲಿ ತಳ ಸೇರುವುದು ಗಟ್ಟಿ ಅಂಬಲಿಯಲ್ಲಿ ಸೇರುವುದಿಲ್ಲವೆಂದು ಅಡಿಗೆಮನೆಯಲ್ಲಿ ಯಾರನ್ನು ಕೇಳಿದರೂ ಹೇಳಿಯಾರು. ಅಷ್ಟು ಸುಗೋಚರವಾಗಿದ್ದರೆ ೧೯೫೪ರಿಂದ ೧೯೭೬ರವರೆಗೆ ೨೨ ವರ್ಷ ಏಕೆ ಹಿಡಿಯಿತೆಂದು ಅರ್ಜಿದಾರರ ಪರವಾಗಿ ವಾದಿಸಬಹುದು. ವಾದ ಬಲವಾದುದೇ. ಆದರೆ ಚರಿತ್ರೆಯ ವಿದ್ಯಾರ್ಥಿ ಇಲ್ಲಿ ತುಸು ತಡೆದು ನೋಡಬೇಕು. ಆ ವರ್ಷಗಳಲ್ಲಿ ಹೆಚ್ಚು ಪಾಲು ಕಲ್ಲೆಣ್ಣೆ ಅಗ್ಗವಾಗಿದ್ದ ಕಾಲ. ೧೯೭೩ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆಯೇ ಬಿಸಿಲಿನ ಉಷ್ಣದ ಕಡೆಗೆ ಜಗತ್ತು ಮತ್ತೆ ತಿರುಗಿದ್ದು. ಯಾರೂ ಕಂಡುಹಿಡಿಯಲಿಲ್ಲವೆಂಬುದು ಕಷ್ಟದ ಗುರುತಾಗಿರಬಹುದು, ಯಾರಿಗೂ ಬೇಕಾಗಿರಲಿಲ್ಲವೆಂಬುದರ ಗುರುತೂ ಆಗಿರಬಹುದು. ಕಾಲದ ಅಂತರವನ್ನು ಸಾಕ್ಷ್ಯವಾಗಿ ಎತ್ತಿಕೊಳ್ಳುವ ನ್ಯಾಯವಾದಿಗಳು ಈ ಎರಡನ್ನೂ ಬೇರ್ಪಡಿಸುವ ತೊಂದರೆಯನ್ನು ಯಾವಾಗಲೂ ತೆಗೆದುಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಡೋವರಿನ ಸೋಲು ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ. ಕೊರತೆ ಕಣ್ಣೆದುರಿಗಿದ್ದು, ಆ ಶಾಸ್ತ್ರವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರೇ ಕೆಲಸಕ್ಕೆ ಕೈಹಾಕಿ, ೨೧ ಟನ್ನು ಲವಣವನ್ನು ತುಂಬಿಸಿದ ಮೇಲೂ ಪರಿಹಾರ ಕೂಡಲೆ ಕೈಗೆ ಸಿಕ್ಕಲಿಲ್ಲ.

ಅತಿಶೀತಲನದ ಕಥೆಗೆ ಇನ್ನೊಂದು ಮುಖವುಂಟು. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯಲ್ಲಿ, ಎಂಜಿನಿಯರ್ ವೆಬ್ ಅವರ ಕಾಲದಲ್ಲಿ, ಪ್ರಯಾಣಿಕರ ಕಾಲು ಬೆಚ್ಚಗಿಡುವ ಲೋಹದ ಡಬ್ಬಿಗಳಲ್ಲಿ ಬಿಸಿನೀರಿನ ಬದಲು ಸೋಡಿಯಂ ಅಸಿಟೇಟನ್ನು ತುಂಬತೊಡಗಿದರು. ಈ ಲವಣ ೫೮ ಡಿಗ್ರಿಯಲ್ಲಿ ಕರಗುತ್ತದೆ. ತಣಿದರೂ ಬಹುಕಾಲ ದ್ರವವಾಗಿಯೇ ಉಳಿಯಬಲ್ಲದು. ಗ್ಲೌಬರ್ ಲವಣದಲ್ಲಿ ಶಾಪವಾಗಿದ್ದ ಗುಣ ಇಲ್ಲಿ ವರವಾಯಿತು. ಇಂದು ಅಂಗಡಿಗಳಲ್ಲಿ ದೊರೆಯುವ ಕೈಬಿಸಿಯ ಪೊಟ್ಟಣದಲ್ಲಿರುವುದು ಇದೇ ದ್ರವ. ಒಳಗಿನ ಸಣ್ಣ ಲೋಹದ ಬಿಲ್ಲೆಯನ್ನು ಒತ್ತಿ ಬಾಗಿಸಿದರೆ ಕ್ಷಣಮಾತ್ರದಲ್ಲಿ ಹರಳುಗಟ್ಟಿ ಬಿಸಿಯಾಗುತ್ತದೆ. ಬಳಿಕ ಕುದಿಯುವ ನೀರಿನಲ್ಲಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ.

ಇಂಥ ಪೊಟ್ಟಣವೊಂದು ಮೊದಲ ಬಾರಿಗೆ ಪರೀಕ್ಷಕನ ಮುಂದೆ ಬಂದಿತೆಂದು ಊಹಿಸೋಣ. ಯೂರೋಪಿನ ಪೇಟೆಂಟು ಕಚೇರಿಯ ಕ್ರಮದಂತೆ, ಅವನು ಅತಿ ಸಮೀಪದ ಹಳೆಯ ಸಾಧನವನ್ನು, ಎಂದರೆ ರೈಲಿನ ಡಬ್ಬಿಯನ್ನು, ಎತ್ತಿಕೊಳ್ಳುತ್ತಾನೆ. ಮೆತ್ತನೆಯ ಚೀಲವೂ ಲೋಹದ ಬಿಲ್ಲೆಯೂ ಅಂತರ. ಚೀಲವನ್ನು ತೆರೆಯದೆ, ಬೇಕೆಂದಾಗ ಹರಳುಗಟ್ಟಿಸುವುದು ಹೇಗೆಂಬುದು ಸಮಸ್ಯೆ. ಮೆತ್ತನೆಯ ಚೀಲ ಯಾರಿಗಾದರೂ ತೋಚುವಂಥದು, ಅದನ್ನು ಬಿಟ್ಟುಬಿಡಬಹುದು. ಬಿಲ್ಲೆಯ ಬಗ್ಗೆ ಮಾತ್ರ ನಿಜವಾದ ವಿಚಾರಣೆ ನಡೆಯಬೇಕು. ಕುಶಲನು ಇದನ್ನು ಮಾಡಬಲ್ಲವನಾಗಿದ್ದನೇ ಎಂದು ಕೇಳಿದರೆ ಉತ್ತರ ಯಾವಾಗಲೂ ಹೌದೆಂದೇ ಬರುತ್ತದೆ. ಮಾಡುತ್ತಿದ್ದನೇ ಎಂದು ಕೇಳಬೇಕು. ಲೋಹವನ್ನು ಬಾಗಿಸುವುದರಿಂದ ಅತಿಶೀತಲ ದ್ರವ ಹರಳುಗಟ್ಟುತ್ತದೆಂದು ಅಂದಿನ ಯಾವುದಾದರೂ ಬರಹ ಸೂಚಿಸಿತ್ತೇ? ಸೂಚಿಸಿದ್ದರೆ ಅರ್ಜಿ ಬೀಳುತ್ತದೆ. ಇಲ್ಲವಾದರೆ, ನಮಗೆ ಎಷ್ಟೇ ಸರಳವಾಗಿ ಕಂಡರೂ, ನಿಲ್ಲುತ್ತದೆ.

ನಮ್ಮ ದೇಶದಲ್ಲಿ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರ ೧೯೫೯ರ ವರದಿಯ ಫಲವಾಗಿ ೧೯೭೦ರ ಪೇಟೆಂಟು ಅಧಿನಿಯಮ ಬಂದಿತು. ೧೯೭೮ರಲ್ಲಿ ಮಿರ್ಜಾಪುರದ ಪಾತ್ರೆ ತಯಾರಕರ ಮೊಕದ್ದಮೆಯಲ್ಲಿ, ಲೇತಿನಲ್ಲಿ ಪಾತ್ರೆಯನ್ನು ಹಿಡಿದಿಡುವ ಸಾಧನವೊಂದರ ಪೇಟೆಂಟನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಲಿಲ್ಲ. ಕಾರ್ಖಾನೆಯ ಕೈಚಳಕದ ಸುಧಾರಣೆ ಸಾಲದೆಂಬುದು ಅದರ ಅಭಿಪ್ರಾಯ. ಈಗಿನ ಅಧಿನಿಯಮದ ವ್ಯಾಖ್ಯೆಯಂತೆ ಆವಿಷ್ಕಾರದ ಹೆಜ್ಜೆಯಲ್ಲಿ ತಾಂತ್ರಿಕ ಮುನ್ನಡೆಯೋ ಆರ್ಥಿಕ ಮಹತ್ವವೋ ಎರಡೂ ಸೇರಿಯೋ ಇರಬೇಕು, ಜೊತೆಗೆ ಅದು ಸುಗೋಚರವಾಗಿರಬಾರದು. ಅಲ್ಲದೆ, ಘಟಕಗಳ ಗುಣಗಳು ಬರಿದೆ ಒಟ್ಟುಗೂಡುವಂಥ ಮಿಶ್ರಣಕ್ಕೆ ಮೂರನೆಯ ಪ್ರಕರಣದಂತೆ ಪೇಟೆಂಟಿಲ್ಲ. ಬಿಳಿಗಾರದ ಮಿಶ್ರಣ ಇಲ್ಲಿ ಸೋಲುವುದಿಲ್ಲವೆಂದು ನನಗೆ ತೋರುತ್ತದೆ. ಲವಣವೊಂದೇ ಉಷ್ಣವನ್ನು ಹೊತ್ತಿಗೆ ಸರಿಯಾಗಿ ಹಿಂದಿರುಗಿಸದು, ಅಷ್ಟು ಸ್ವಲ್ಪ ಬಿಳಿಗಾರವೊಂದೇ ಹೇಳಿಕೊಳ್ಳುವಷ್ಟು ಉಷ್ಣವನ್ನು ಹಿಡಿಯದು. ಕೂಡಿದಾಗ ಹುಟ್ಟುವ ಫಲ ಎರಡರ ಮೊತ್ತವಲ್ಲ. ಆದರೂ ಸುಗೋಚರತೆಯ ಪರೀಕ್ಷೆ ಬೇರೆಯಾಗಿ ಉಳಿದೇ ಇರುತ್ತದೆ.

ಕರ್ನಾಟಕದಿಂದ ಸಲ್ಲುವ ಅರ್ಜಿಗಳು ಚೆನ್ನೈಯ ಪೇಟೆಂಟು ಕಚೇರಿಗೆ ಸೇರತಕ್ಕವು. ಪರೀಕ್ಷಕನ ಮೊದಲ ವರದಿಯಲ್ಲಿ ಆಕ್ಷೇಪಣೆಗಳು ಬಂದರೆ ಅರ್ಜಿದಾರನು ಲಿಖಿತವಾಗಿ ಉತ್ತರಿಸಬೇಕು. ಪ್ರಕಟವಾದ ಅರ್ಜಿಯನ್ನು, ಹಕ್ಕು ಮಂಜೂರಾಗುವುದಕ್ಕೆ ಮುಂಚೆ, ಯಾರು ಬೇಕಾದರೂ ವಿರೋಧಿಸಬಹುದು. ನಮ್ಮ ಕಾಲೇಜಿನ ಗ್ರಂಥಭಂಡಾರದಲ್ಲಿ ಸಾರ್ವಜನಿಕರ ಓದಿಗೆ ತೆರೆದಿರುವ ಹಳೆಯ ಪ್ರಬಂಧವೊಂದನ್ನೇ ಸಾಕ್ಷ್ಯವಾಗಿ ಒಡ್ಡಬಹುದು. ಅದೇ ರೀತಿ, ಅರ್ಜಿಗೆ ಮುನ್ನವೇ ಪತ್ರಿಕೆಯಲ್ಲಿ ಅಚ್ಚಾದ ಸಂಶೋಧಕನ ಸ್ವಂತ ಲೇಖನವೂ, ಕಾನೂನು ಹೇಳುವ ಕೆಲವು ವಿನಾಯಿತಿಗಳ ಹೊರತು, ಅವನಿಗೆ ವಿರುದ್ಧವಾದ ಪೂರ್ವಜ್ಞಾನವಾಗಿ ನಿಲ್ಲುತ್ತದೆ. ಕೈಗೂಡದ ಪ್ರಯೋಗಗಳನ್ನು ನಮ್ಮ ವಿಜ್ಞಾನ ವಿಭಾಗಗಳಲ್ಲಿ ಸಾಮಾನ್ಯವಾಗಿ ಯಾರೂ ಬರೆದಿಡುವುದಿಲ್ಲ. ಯಾವ ಲವಣವನ್ನು ಯಾವ ದಿನ ಬೆರೆಸಿದೆವು, ಅದು ಏಕೆ ಸೋತಿತು ಎಂಬ ದಿನಾಂಕಸಹಿತ ಟಿಪ್ಪಣಿಯು, ಮುಂದೆ ಗೆದ್ದ ಮಿಶ್ರಣವು ಸುಗೋಚರವಾಗಿರಲಿಲ್ಲವೆಂದು ಪರೀಕ್ಷಕನ ಮುಂದೆ ವಾದಿಸುವಾಗ ಕೈಯಲ್ಲಿರಬೇಕಾದ ಕಾಗದ.